ಸೋಮವಾರ ಒಂದು ಬಿಟ್ಟು ಯಾವತ್ತಾದರೂ ಹೋಗಿ

ಅಪ್ಪನ ಜೊತೆ ಲಂಡನ್‌ನಲ್ಲಿ ಎರಡೇ ದಿನ, ನೆಲದಡಿಯ ರೋಮನ್ ಅವಶೇಷಗಳಲ್ಲಿ ಮಿತ್ರಾಸ್ ಅನ್ನುವ ದೇವರ ಗುಡಿ ನೋಡಲೋ, ಗಿಲ್ಡ್‌ಹಾಲ್ (ಹಳೆಯ ನಗರ ಸಭಾಭವನ) ಕೆಳಗಿನ ಆಂಫಿಥಿಯೇಟರ್, ಅಂದರೆ ಕಾಳಗದ ಬಯಲು ಅಖಾಡ ನೋಡಲೋ ಅಂತ ಕೇಳಿದ್ದೀರಿ. 2019ರಲ್ಲಿ ನನ್ನದೂ ಇದೇ ಕಥೆ. ಅಪ್ಪನ ಬದಲು ಧಾರವಾಡದ ಸೋದರಮಾವ, ಅಷ್ಟೇ.

ಮಾವ ಸಂಸ್ಕೃತ ಮಾಸ್ತರರಾಗಿ ನಿವೃತ್ತರಾದವರು. ಟವರ್ ಬ್ರಿಡ್ಜೂ ಬೇಡ, ಅರಮನೆಯೂ ಬೇಡ. "ಸಂಧ್ಯಾವಂದನಿಯೊಳಗ ಬರೋ ಮಿತ್ರ ಈ ಊರಾಗ ನೆಲದಾಗ ಹೂತು ಕುಂತಾನಂತ, ಅವನ್ನ ತೋರಸು" ಅಂತ ವಿಮಾನ ಇಳಿದಲ್ಲೇ ಶುರು. ವೇದದ ಮಿತ್ರ, ಇರಾನಿನ ಮಿಥ್ರ, ರೋಮನ್ ಸೈನಿಕರ ಮಿತ್ರಾಸ್, ಮೂವರ ಹೆಸರಿನ ಬೇರು ಒಂದೇ. ಯುದ್ಧದ ಬಾಂಬಿಗೆ ಹಾಳಾದ ಜಾಗದಲ್ಲಿ ಹೊಸ ಕಟ್ಟಡಕ್ಕೆ ಮೊದಲು ಅಗೆಯುವಾಗ, 1954ರಲ್ಲಿ ಸಿಕ್ಕ ಗುಡಿ ಅದು. ಮಿತ್ರಾಸ್ ವಿಗ್ರಹದ ಅಮೃತಶಿಲೆಯ ತಲೆ ಸಿಕ್ಕ ಮೇಲಂತೂ ಜನ ಬೀದಿ ತುಂಬ ಸಾಲುಗಟ್ಟಿದರು. ಆಮೇಲೆ ಕಲ್ಲುಗಳನ್ನು ಕಿತ್ತು, ಸುಮಾರು 100 ಮೀಟರ್ ಆಚೆ ರಸ್ತೆ ಮಟ್ಟದಲ್ಲಿ ಸಿಮೆಂಟ್ ಮೆತ್ತಿ ನಿಲ್ಲಿಸಿದ್ದರು. 2017ರಿಂದ ಅದು ಮತ್ತೆ ಹಳೆಯ ಜಾಗದ ಹತ್ತಿರ, ಬ್ಲೂಮ್‌ಬರ್ಗ್ ಕಟ್ಟಡದ ಅಡಿ, ಏಳು ಮೀಟರ್ ಆಳದಲ್ಲಿದೆ.

ಈಗ ನನ್ನ ತಪ್ಪು. ಭಾನುವಾರ ನೆಂಟರ ಮನೆ ಊಟ, ಮಂಗಳವಾರ ಮಾವನ ವಿಮಾನ, ಉಳಿದದ್ದು ಸೋಮವಾರ. ಪ್ರವೇಶ ಉಚಿತ, ಆದರೂ ಮೊದಲೇ ಬುಕ್ ಮಾಡೋಣ ಅಂತ ನೋಡಿದರೆ ಸೋಮವಾರಕ್ಕೆ ಒಂದೂ ಸಮಯ ತೋರಿಸಲಿಲ್ಲ. 'ಎಲ್ಲ ಭರ್ತಿಯಾಗಿರಬೇಕು, ಹೋಗಿ ಬಾಗಿಲಲ್ಲಿ ನಿಂತರೆ ಬಿಡ್ತಾರೆ' ಅಂದುಕೊಂಡೆ. ಭರ್ತಿಯಾಗುವುದು ಬೇರೆ, ರಜೆ ಇರುವುದು ಬೇರೆ. ಎರಡಕ್ಕೂ ಪರದೆ ಮೇಲೆ ಕಾಣುವುದು ಅದೇ ಖಾಲಿ ಜಾಗ. ಕೆಳಗೆ ಇನ್ನೆರಡು ಸಾಲು ಓದಿದ್ದರೆ ಸೋಮವಾರ ಮುಚ್ಚಿರುತ್ತದೆ ಅಂತ ಗೊತ್ತಾಗುತ್ತಿತ್ತು. ನಾಲ್ಕು ವರ್ಷ ಅದೇ ಏರಿಯಾದಲ್ಲಿ ಕೆಲಸ ಮಾಡಿದ್ದೆ, ನನಗೆ ಯಾರು ಹೇಳಬೇಕು ಅನ್ನುವ ಧಿಮಾಕು ಬೇರೆ. ಮುಚ್ಚಿದ ಗಾಜಿನ ಬಾಗಿಲ ಮುಂದೆ ಮಾವ, "ಅಲ್ಲೋ, ಇಷ್ಟು ದೂರ ಬಂದು ಬಾಗಲಾ ನೋಡಿ ಹೋಗೂದೇನು?" ಅಂದರು.

ಆ ಅಮೃತಶಿಲೆಯ ತಲೆಯನ್ನಾದರೂ ತೋರಿಸೋಣ ಅಂತ, ಅದನ್ನು ಇಟ್ಟಿದ್ದ ಆಗಿನ ಮ್ಯೂಸಿಯಂ ಆಫ್ ಲಂಡನ್‌ಗೆ ಓಡಿದೆ. (ಲಂಡನ್ ವಾಲ್ ರಸ್ತೆಯ ಆ ಕಟ್ಟಡ 2022ರ ಕೊನೆಗೇ ಮುಚ್ಚಿತು, ಹುಡುಕಿಕೊಂಡು ಹೋಗಬೇಡಿ.) ಹೊರಗೆ ಬಂದವರು ಪಕ್ಕದ ಭೂಗತ ಕಾರ್ ಪಾರ್ಕಿಂಗ್‌ಗೆ ಇಳಿದೆವು. ನಿಲ್ಲಿಸಿದ ಕಾರುಗಳ ನಡುವೆ ಕ್ರಿ.ಶ. 200ರ ಆಸುಪಾಸಿನ ಕೋಟೆ ಗೋಡೆ! ಕೆಂಟ್‌ನಿಂದ ದೋಣಿಯಲ್ಲಿ ತಂದ ಒರಟುಗಲ್ಲು. ಟಿಕೆಟ್ ಇಲ್ಲ, ಪ್ರದರ್ಶನಕ್ಕೆಂದು ಮಾಡಿದ ಮಂದ ಬೆಳಕಿಲ್ಲ, ಹಿನ್ನೆಲೆ ಸಂಗೀತವಿಲ್ಲ, ಪೆಟ್ರೋಲ್ ವಾಸನೆ ಮಾತ್ರ. ಮಾವ ಅಲ್ಲಿಂದ ಅರ್ಧ ಗಂಟೆ ಕದಲಲಿಲ್ಲ. ಇಷ್ಟು ಕೆಳಗೆ ಹೇಗೆ ಬಂತು ಅಂತ ಕೇಳಿದರು. ಬಿದ್ದ ಮನೆಗಳ ಮಣ್ಣಿನ ಮೇಲೇ ಮತ್ತೆ ಮನೆ ಕಟ್ಟುತ್ತ ಊರಿನ ನೆಲವೇ ಮೇಲೆ ಬಂದಿದೆ, ಕ್ರಿ.ಶ. 60-61ರಲ್ಲಿ ರೋಮನ್ನರ ವಿರುದ್ಧ ದಂಗೆಯೆದ್ದ ರಾಣಿ ಬೌಡಿಕಾ ಊರು ಸುಟ್ಟಾಗಿನ ಕೆಂಪು ಪದರ ಈಗಲೂ ಅಗೆದಲ್ಲಿ ಸಿಗುತ್ತದೆ ಅಂದೆ.

ಹಾಗಾಗಿ ಗುಡಿಯೋ ಆಂಫಿಥಿಯೇಟರೋ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಮೊದಲು ಕಾರ್ ಪಾರ್ಕಿಂಗ್‌ಗೆ ಕರೆದುಕೊಂಡು ಹೋಗಿ. ಗಿಲ್ಡ್‌ಹಾಲ್‌ನಲ್ಲಿ ಹಸಿರು ಬೆಳಕಿನ ಗ್ಲಾಡಿಯೇಟರ್ ಬೊಂಬೆಗಳನ್ನು ಬಿಟ್ಟು ಮರದ ಚರಂಡಿ ನೋಡಿ, ಅದು ಅಸಲಿ. ಗುಡಿ ಆಮೇಲೆ.

ನಾನು ಮುಂದೊಂದು ದಿನ ಒಬ್ಬನೇ ಗುಡಿಗೆ ಹೋಗಿಬಂದೆ. ಅದೇ ಜಾಗದ ಕೆಸರಲ್ಲಿ ನಾನೂರಕ್ಕೂ ಹೆಚ್ಚು ಮರದ ಬರಹದ ಹಲಗೆ ಸಿಕ್ಕಿವೆ, ಒಂದರ ಮೇಲೆ ಕ್ರಿ.ಶ. 57ರ ಜನವರಿ 8ರ ತಾರೀಕಿದೆ, ಟಿಬುಲ್ಲಸ್ ಅನ್ನುವವನು ಗ್ರಾಟಸ್‌ಗೆ 105 ದಿನಾರಿ (ರೋಮನ್ ಬೆಳ್ಳಿ ನಾಣ್ಯ) ಕೊಡಬೇಕಿದೆ ಅಂತ ಬರೆದುಕೊಟ್ಟ ಪತ್ರ ಅದು ಅಂತ ಮಾವನಿಗೆ ಫೋನಿನಲ್ಲಿ ಹೇಳಿದೆ. ಮಿತ್ರನ ಸುದ್ದಿ ಅವರು ಕೇಳಲೇ ಇಲ್ಲ.

"ಮುಂದ ಸಾಲಾ ತೀರಿಸಿದ್ನಂತೇನು?" ಅಂದರು.