ಮೊಳಕೆ ರಾಗಿ ಸರಿ ಗಟ್ಟಿಯಾಗುವುದು ಏಕೆ? (ಉತ್ತರ)

ಅಕ್ಕ, ಎರಡು ದಿನ ಮೊಳಕೆ ಕಟ್ಟಿ, ಘಮ್ಮೆನ್ನುವಷ್ಟು ಹುರಿದು ಬೀಸಿದರೂ ಸರಿ ಮುದ್ದೆಯಂತಾಗುತ್ತದೆ, ಮಗು ನುಂಗುವುದಿಲ್ಲ ಅಂದಿದ್ದೀರಿ. ರಾಗಿ ಕೆಟ್ಟಿಲ್ಲ. ಹುರಿದಾಗ ಪಿಷ್ಟವನ್ನು ಕತ್ತರಿಸುವ ಅಮೈಲೇಸ್ ಎಂಬ ಕಿಣ್ವ ಸತ್ತಿದೆ.

ಮೊಳಕೆಯೊಡೆಯುವಾಗ ಕಾಳು ಈ ಕಿಣ್ವವನ್ನು ತಯಾರಿಸಿಕೊಳ್ಳುತ್ತದೆ. ಇದೊಂದು ಪ್ರೋಟೀನು. ಅಮೈನೋ ಆಮ್ಲಗಳ ಉದ್ದ ಸರಪಳಿ ಮಡಚಿಕೊಂಡು ಉಂಡೆಯಾಗಿರುತ್ತದೆ, ಅದರಲ್ಲೊಂದು ಸೀಳು. ಪಿಷ್ಟದ ಎಳೆ ಆ ಸೀಳಿನಲ್ಲಿ ಕೂತಾಗ ಸರಪಳಿಯಲ್ಲಿರುವ ಆಸ್ಪಾರ್ಟಿಕ್, ಗ್ಲುಟಾಮಿಕ್ ಎಂಬ ಅಮೈನೋ ಆಮ್ಲಗಳ ತುದಿಗಳು ಅದನ್ನು ಕತ್ತರಿಸುತ್ತವೆ. ಎಳೆ ತುಂಡಾದರೆ ಗಂಜಿ ತೆಳ್ಳಗಾಗುತ್ತದೆ. ಕತ್ತರಿಸಿದ ಮೇಲೂ ಕಿಣ್ವ ಖರ್ಚಾಗುವುದಿಲ್ಲ, ಹಾಗಾಗಿ ಚಿಟಿಕೆಯಷ್ಟಿದ್ದರೂ ಕೆಲಸ ನಡೆಯುತ್ತದೆ. ಬಿಸಿ ಹೆಚ್ಚಾದರೆ ಮಡಿಕೆ ಬಿಚ್ಚಿ, ಬೆಂದ ಮೊಟ್ಟೆಯ ಬಿಳಿಯಂತೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಮತ್ತೆ ಮೊದಲಿನಂತಾಗದು.

ಅದಕ್ಕೇ ಎಲ್ಲವನ್ನೂ ಹುರಿಯಬೇಡಿ. 1 ಕೆಜಿ ರಾಗಿಯನ್ನು ತೊಳೆದು, ಕಲ್ಲು ತೆಗೆದು, 10-12 ಗಂಟೆ ನೆನೆಸಿ. ನಡುವೆ ಒಮ್ಮೆ ನೀರು ಬದಲಿಸಿ. ನೀರು ಪೂರ್ತಿ ಬಸಿದು ಬಟ್ಟೆಯಲ್ಲಿ ಕಟ್ಟಿ, ದಿನಕ್ಕೆರಡು ಮೂರು ಸಲ ನೀರು ಚಿಮುಕಿಸಿ, 48 ಗಂಟೆ ಬಿಡಿ. ಲೋಳೆ ಬಂದರೆ, ಬೂಷ್ಟು ಕಂಡರೆ ಅಥವಾ ಹುಳಿ ವಾಸನೆ ಹೊಡೆದರೆ ಚೆಲ್ಲಿಬಿಡಿ, ಮಗುವಿಗಂತೂ ಬೇಡ. ತೆಳ್ಳಗೆ ಹರಡಿ ಒಣಗಿಸಿ. ಡ್ರೈಯರ್ ಇದ್ದರೆ 50 ಡಿಗ್ರಿ ದಾಟಿಸಬೇಡಿ: ಒದ್ದೆ ಕಾಳಿನಲ್ಲಿ ಕಿಣ್ವ ಬೇಗ ಸಾಯುತ್ತದೆ, ಒಣಗಿದ ಮೇಲೆ ಬಿಸಿಯನ್ನು ಹೆಚ್ಚು ತಡೆಯುತ್ತದೆ. ಕೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಕೇರಿ. ಮುಕ್ಕಾಲು ಪಾಲನ್ನು ರುಚಿಗೆ ಹುರಿದು ಬೀಸಿ. ಉಳಿದ ಕಾಲು ಪಾಲನ್ನು ಹುರಿಯದೆ ಪುಡಿ ಮಾಡಿ, ಬೇರೆ ಡಬ್ಬಿಯಲ್ಲಿಡಿ.

ಒಂದು ಲೋಟ ನೀರಿಗೆ 3 ದೊಡ್ಡ ಚಮಚ ಹುರಿದ ಹಿಟ್ಟು ಹಾಕಿ ಗಟ್ಟಿಯಾಗಿ ಬೇಯಿಸಿ. ಹಸಿ ಪಿಷ್ಟದ ಕಣ ಬಿಗಿಯಾಗಿರುವುದರಿಂದ ಕಿಣ್ವಕ್ಕೆ ಸುಲಭವಾಗಿ ಸಿಗುವುದಿಲ್ಲ. ಬೆಂದು ಉಬ್ಬಿದ ಮೇಲೆ ಸಿಗುತ್ತದೆ. ಒಲೆಯಿಂದಿಳಿಸಿ ಸುಮಾರು 65 ಡಿಗ್ರಿಗೆ ಆರಲಿ. ಆಗ 1 ಸಣ್ಣ ಚಮಚ ಹುರಿಯದ ಪುಡಿಯನ್ನು ತಣ್ಣೀರಲ್ಲಿ ಕದಡಿ ಬೆರೆಸಿ, ತಿರುವುತ್ತಿರಿ. ಕೆಲವೇ ನಿಮಿಷಗಳಲ್ಲಿ ಸೌಟಿನಿಂದ ಧಾರೆಯಾಗಿ ಇಳಿಯಬೇಕು. ಕುದಿಯುವಾಗಲೇ ಹಾಕಿದರೆ ಪುಡಿ ವ್ಯರ್ಥ, ತೀರಾ ಆರಿದ ಮೇಲಾದರೆ ಕೆಲಸ ನಿಧಾನ. ಮಜ್ಜಿಗೆ, ನಿಂಬೆರಸವನ್ನು ಈ ಹಂತದಲ್ಲಿ ಸೇರಿಸಬೇಡಿ, ಹುಳಿ ಹೆಚ್ಚಾದರೂ ಕಿಣ್ವ ಕುಗ್ಗುತ್ತದೆ.

ತೆಳ್ಳಗಾದ ಕೂಡಲೇ ಮತ್ತೊಮ್ಮೆ ಚೆನ್ನಾಗಿ ಕುದಿಸಲೇಬೇಕು. ಹುರಿಯದ ಪುಡಿಯಲ್ಲಿ ಮೊಳಕೆಯ ತೇವಕ್ಕೆ ಬೆಳೆದ ರೋಗಾಣುಗಳಿರಬಹುದು. ಬರೀ ನೀರು ಸುರಿದು ತೆಳ್ಳಗೆ ಮಾಡುವುದಕ್ಕಿಂತ ಇದು ಎಷ್ಟೋ ಮೇಲು: ಅಷ್ಟೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಮಗುವಿನ ಹೊಟ್ಟೆ ಸೇರುತ್ತದೆ.