ಸುತ್ತಲೂ ಸಮುದ್ರವಿರುವ ದ್ವೀಪ ಕುಡಿಯುವ ನೀರಿಗಾಗಿ ಹಳೆಯ ಅಣೆಕಟ್ಟಿನ ದುರಸ್ತಿಗೆ ಏಕೆ ಇಷ್ಟು ಒದ್ದಾಡುತ್ತದೆ?

ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾದಂಥ ಪುಟ್ಟ ದ್ವೀಪದಲ್ಲಿ ಮಳೆಗೆ ಕೊರತೆಯಿಲ್ಲ, ಹೂಳು ತೆಗೆದರೆ ಅಣೆಕಟ್ಟು ಸರಿಹೋಗುತ್ತದೆ, ಅದೂ ಆಗದಿದ್ದರೆ ಸಮುದ್ರದ ನೀರನ್ನೇ ಸಿಹಿ ಮಾಡಿಕೊಳ್ಳಬಹುದು. ಹಾಗಿರುವಾಗ ವರ್ಷಗಟ್ಟಲೆ ತಿಣುಕಾಟ ಏಕೆ ಎಂದು ಕೇಳಿದ್ದೀರಿ. ಕಲಬುರಗಿ ಜಿಲ್ಲೆಯ ಮಣ್ಣಿನ ಅಣೆಕಟ್ಟುಗಳ ನಿರ್ವಹಣೆಯಲ್ಲಿ ಎಂಜಿನಿಯರ್ ಆಗಿ ದುಡಿದವನು ನಾನು. ಆ ದ್ವೀಪವನ್ನು ಕಂಡವನಲ್ಲ. ಆದರೆ ಅಲ್ಲಿನ ತೊಡಕು ಎಲ್ಲಿದೆ ಎಂಬುದು ನಮ್ಮ ಊರಿನ ನೀರಿನ ಪಾಡನ್ನು ನೋಡಿದವರಿಗೆ ಬೇಗ ತಿಳಿಯುತ್ತದೆ.

ಕಲಬುರಗಿ ನಗರಕ್ಕೆ ಭೀಮಾ ನದಿಯಿಂದಲೂ ನೀರು ಬರುತ್ತದೆ, ಬೆಣ್ಣೆತೊರಾ ಜಲಾಶಯದಿಂದಲೂ ಬರುತ್ತದೆ. ಒಂದು ಕಡೆ ಕಡಿಮೆಯಾದರೆ ಇನ್ನೊಂದರ ಮೇಲೆ ಭಾರ ಹಾಕಬಹುದು. ಎರಡೂ ಸೊರಗಿದಾಗ ನದಿಯ ಮೇಲ್ಭಾಗದ ಉಜನಿ ಜಲಾಶಯದಿಂದ ಭೀಮೆಗೆ ನೀರು ಬಿಡಿ ಎಂದು ಮಹಾರಾಷ್ಟ್ರವನ್ನು ಕೇಳುತ್ತೇವೆ. 2025ರ ಮಾರ್ಚ್‌ನಲ್ಲಿ ನಮ್ಮ ಮುಖ್ಯಮಂತ್ರಿಗಳು ಹೀಗೆ ಒಂದು ಟಿಎಂಸಿ ನೀರು ಕೇಳಿ ಪತ್ರ ಬರೆದಿದ್ದರು. ಕೊಡುತ್ತಾರೋ ಬಿಡುತ್ತಾರೋ, ಕೇಳುವುದಕ್ಕೆ ಮೇಲೆ ಒಬ್ಬರಾದರೂ ಇದ್ದಾರೆ. ದ್ವೀಪಕ್ಕೆ ಮೇಲಿನವರು ಎಂಬುವರೇ ಇಲ್ಲ. ನಿಮ್ಮ ಪ್ರಶ್ನೆಗೆ ಉತ್ತರವೆಲ್ಲ ಇಲ್ಲಿಂದಲೇ ಹೊರಡುತ್ತದೆ.

ಸೇಂಟ್ ಲೂಸಿಯಾದ ರಾಜಧಾನಿ ಕ್ಯಾಸ್ಟ್ರೀಸ್ ಮತ್ತು ದ್ವೀಪದ ಉತ್ತರ ಭಾಗಕ್ಕೆ ಮುಖ್ಯ ಆಸರೆ 1990ರ ದಶಕದ ಮಧ್ಯದಲ್ಲಿ ಕಟ್ಟಿದ ಜಾನ್ ಕಾಂಪ್ಟನ್ ಅಣೆಕಟ್ಟು. 2010ರ ಅಕ್ಟೋಬರ್ ಕೊನೆಯಲ್ಲಿ ಟೊಮಾಸ್ ಚಂಡಮಾರುತ ಬಂದು ಗುಡ್ಡಗಳು ಕುಸಿದವು. ಮಣ್ಣು ಜಲಾಶಯಕ್ಕೆ ಇಳಿಯಿತು. 2020ರ ಮೇ ತಿಂಗಳಲ್ಲಿ ಬರ ಬಿದ್ದಾಗ ಸರ್ಕಾರ ನೀರಿನ ತುರ್ತುಸ್ಥಿತಿಯನ್ನೇ ಘೋಷಿಸಬೇಕಾಯಿತು. ಮಳೆ ಧಾರಾಳವಿದ್ದರೂ ಅಲ್ಲಿನ ಗುಡ್ಡಗಳು ಕಡಿದು, ನದಿಗಳು ಗಿಡ್ಡ. ಬಿದ್ದ ನೀರು ಸಮುದ್ರ ಸೇರಲು ಬಹಳ ಹೊತ್ತು ಬೇಕಿಲ್ಲ. ಹಿಡಿದಿಟ್ಟದ್ದಷ್ಟೇ ಮುಂದಿನ ಒಣ ತಿಂಗಳುಗಳಿಗೆ ದಕ್ಕುತ್ತದೆ.

ಇನ್ನು ಹೂಳು. ನಮ್ಮಲ್ಲಿ ಬೇಸಿಗೆಯಲ್ಲಿ ಕೆರೆ ಒಣಗುತ್ತದೆ, ಜೆಸಿಬಿ ಇಳಿಯುತ್ತದೆ, ರೈತರು ತಾವೇ ಟ್ರ್ಯಾಕ್ಟರ್ ತಂದು ಫಲವತ್ತಾದ ಮಣ್ಣನ್ನು ಹೊಲಕ್ಕೆ ಒಯ್ಯುತ್ತಾರೆ. ಕುಡಿಯುವ ನೀರಿಗೆ ಇರುವುದೊಂದೇ ಜಲಾಶಯವಾದರೆ ಅದನ್ನು ಒಣಗಿಸುವುದು ಎಂದರೆ ಮನೆಮನೆಯ ನಲ್ಲಿ ನಿಲ್ಲಿಸಿದಂತೆ. ಆದ್ದರಿಂದ ನೀರು ಇರುವಾಗಲೇ, ತೇಲುವ ಯಂತ್ರದಿಂದ ಕೆಸರನ್ನು ಹೀರಿ ಪೈಪಿನಲ್ಲಿ ಸಾಗಿಸಬೇಕು. ತಳ ಕಲಕಿ ರಾಡಿಯಾದ ನೀರು ಶುದ್ಧೀಕರಣ ಘಟಕದ ಕಡೆ ನುಗ್ಗದಂತೆ ತಡೆಯಬೇಕು. ಹೊರತೆಗೆದ ಕೆಸರನ್ನು ಹರಡಿ ಒಣಗಿಸಲು ಬಯಲು ಬೇಕು. ಕಡಿದಾದ ದ್ವೀಪದಲ್ಲಿ ಅದೇ ದುರ್ಲಭ. ನದಿಗೆ ಬಿಟ್ಟರೆ ಸಮುದ್ರದ ಹವಳದ ದಿಬ್ಬಗಳ ಮೇಲೆ ಹೋಗಿ ಕೂರುತ್ತದೆ, ಮೀನುಗಾರರ ಹೊಟ್ಟೆಗೆ ಹೊಡೆಯುತ್ತದೆ. ಖರ್ಚು ಏರುವುದು ಇಂಥ ಕಡೆಗಳಲ್ಲಿ. ಹೂಳೆತ್ತುವಾಗ ಮೊದಲು ತಳದ ತೂಬಿನ ಬಾಯಿ ಬಿಡಿಸಬೇಕು. ಅದು ಮುಚ್ಚಿಹೋಗಿದ್ದರೆ ಜಲಾಶಯದಲ್ಲಿ ನೀರಿದ್ದರೂ ಕೆಳಮಟ್ಟದ ನೀರು ಕೈಗೆ ಸಿಗುವುದಿಲ್ಲ, ಅಪಾಯದ ಹೊತ್ತಿನಲ್ಲಿ ಮಟ್ಟ ಇಳಿಸಲೂ ಆಗುವುದಿಲ್ಲ.

ಹೂಳು ಕಣ್ಣಿಗೆ ಕಾಣುವ ರೋಗ. ಕಾಣದ್ದು ಒಡ್ಡಿನ ಒಳಗಿರುತ್ತದೆ. ಮಣ್ಣಿನ ಅಣೆಕಟ್ಟು ಯಾವುದೇ ಇರಲಿ, ಸ್ವಲ್ಪ ನೀರು ಜಿನುಗಿಯೇ ತೀರುತ್ತದೆ. ಅದನ್ನು ಒಡ್ಡಿನ ಬುಡದ ಕಾಲುವೆಯಲ್ಲಿ ಕೂಡಿಸಿ, ವಿ-ನಾಚ್ ಎಂಬ ವಿ ಆಕಾರದ ಕಚ್ಚಿನ ಮೂಲಕ ಹರಿಸಿ ಅಳೆಯುತ್ತಾರೆ. ಚಿಂಚೋಳಿ ಕಡೆಯ ಒಂದು ಅಣೆಕಟ್ಟಿನಲ್ಲಿ ಗೇಟು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಅಳತೆಪಟ್ಟಿ ನೋಡುವ ಮೊದಲು ಒಂದು ಗಾಜಿನ ಲೋಟದಲ್ಲಿ ಆ ನೀರು ಹಿಡಿದು ಬಿಸಿಲಿಗೆ ಎತ್ತುತ್ತಿದ್ದರು. ಆಮೇಲೆ ಲೋಟವನ್ನು ಕಲ್ಲಿನ ಮೇಲಿಟ್ಟು, ತಳದಲ್ಲಿ ಏನಾದರೂ ಕೂರುತ್ತದೆಯೇ ಎಂದು ಕಾಯುತ್ತಿದ್ದರು. "ನೀರು ಬಂದರೆ ಅಂಜಬೇಡಿ ಸಾಹೇಬರೇ, ನೀರಿನ ಜೊತೆ ಮಣ್ಣು ಬಂದರೆ ಅಂಜಿ" ಎನ್ನುತ್ತಿದ್ದರು. ಅವರ ಮಾತು ಶಾಸ್ತ್ರಶುದ್ಧವಾಗಿತ್ತು. ಮಣ್ಣು ಹೊರಬರುತ್ತಿದೆ ಎಂದರೆ ಒಳಗೆ ಕೊಳವೆಯಂಥ ದಾರಿ ಕೊರೆಯುತ್ತಿದೆ ಎಂದು ಅರ್ಥ. ಒಡ್ಡಿನ ಮೇಲೆ ಬೆಳೆದ ಬಳ್ಳಾರಿ ಜಾಲಿಯನ್ನು ಕಡಿದು ಬೇರನ್ನು ಒಳಗೇ ಬಿಟ್ಟರೆ, ಬೇರು ಕೊಳೆತ ಜಾಗವೂ ಅಂಥದೇ ದಾರಿಯಾಗುತ್ತದೆ. ಇದನ್ನು ಎಷ್ಟು ಕಡೆ ಹೇಳಿದರೂ ನನಗೆ ಸಾಕೆನಿಸುವುದಿಲ್ಲ.

ಗೇಟಿನ ಮಾತಿಗೆ ದೂರ ಹೋಗಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್‌ಗೇಟ್ ಚೈನ್ ತುಂಡಾಗಿ ಕೊಚ್ಚಿಹೋದದ್ದು ನಿಮಗೆ ನೆನಪಿರಬೇಕು. ತುಂಬಿದ್ದ ಜಲಾಶಯದ ನೀರು ನದಿಯ ಪಾಲಾಯಿತು. ಕೊನೆಗೆ ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನಿಲ್ಲಿಸಿದರು. ಆ ವರ್ಷ ಮಳೆ ಕೈಹಿಡಿದದ್ದರಿಂದ ಜಲಾಶಯ ಮತ್ತೆ ತುಂಬಿತು. ದ್ವೀಪವೊಂದರಲ್ಲಿ ಮಳೆಗಾಲದ ಕೊನೆಗೆ ಹೀಗಾದರೆ ಮುಂದಿನ ಮಳೆಯವರೆಗೆ ಜನ ಏನು ಕುಡಿಯಬೇಕು? ಪೋರ್ಟೊರಿಕೊ ದ್ವೀಪ ಇದರ ಅಂಚಿಗೆ ಹೋಗಿ ಬಂದಿದೆ. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತದ ಮಳೆಗೆ ಅಲ್ಲಿನ ಗ್ವಾಹಟಾಕಾ ಅಣೆಕಟ್ಟಿನ ಕೋಡಿ ಕೊರೆದುಹೋಯಿತು. ಹೆಲಿಕಾಪ್ಟರ್‌ಗಳಿಂದ ಕಾಂಕ್ರೀಟ್ ತಡೆಗೋಡೆಗಳನ್ನೂ ಮರಳಿನ ಚೀಲಗಳನ್ನೂ ಇಳಿಸಿ ಕೊರೆತ ತಡೆದರು. ಕೆಳಗಿನ ಊರುಗಳ ಜನ ಮನೆ ಬಿಡಬೇಕಾಯಿತು. ಅದೇ ಜಲಾಶಯದ ನೀರು ಕುಡಿಯುತ್ತಿದ್ದವರಿಗೆ ಪಂಪು, ಪೈಪು ಹಾಕಿ ಪೂರೈಕೆ ಮಾಡಬೇಕಾಯಿತು.

ಸಮುದ್ರದ ನೀರನ್ನು ಸಿಹಿ ಮಾಡಬಹುದು, ನಿಜ. ಸಾವಿರ ಲೀಟರಿಗೆ ಸುಮಾರು 3ರಿಂದ 4 ಯೂನಿಟ್ ವಿದ್ಯುತ್ ಬೇಕು. ಬಹುತೇಕ ಪುಟ್ಟ ದ್ವೀಪಗಳಲ್ಲಿ ಆ ವಿದ್ಯುತ್ತು ಹಡಗಿನಲ್ಲಿ ಬರುವ ಎಣ್ಣೆಯಿಂದ ಆಗುತ್ತದೆ. ಮಾಲ್ಡೀವ್ಸ್‌ನ ರಾಜಧಾನಿ ಮಾಲೆಗೆ ಹೆಚ್ಚುಕಡಿಮೆ ಬೇರೆ ದಾರಿಯಿಲ್ಲ. 2014ರ ಡಿಸೆಂಬರ್‌ನಲ್ಲಿ ಮಾಲೆಯ ಘಟಕದಲ್ಲಿ ಬೆಂಕಿ ಬಿದ್ದಾಗ ನಗರಕ್ಕೆ ನಗರವೇ ನೀರಿಲ್ಲದೆ ಕುಳಿತಿತ್ತು. ನಮ್ಮ ದೇಶದಿಂದ ವಿಮಾನದಲ್ಲಿ, ನೌಕೆಯಲ್ಲಿ ಕುಡಿಯುವ ನೀರು ಹೋಯಿತು. ಅಣೆಕಟ್ಟು ಇರುವ ದ್ವೀಪ ಅದನ್ನು ಉಳಿಸಿಕೊಂಡು, ಪಕ್ಕದಲ್ಲಿ ಒಂದು ಸಣ್ಣ ಘಟಕ ಇಟ್ಟುಕೊಳ್ಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಇಂಥ ಯೋಜನೆಯ ವರದಿ ನಿಮ್ಮ ಕೈಗೆ ಸಿಕ್ಕರೆ ಎರಡು ವಿಷಯಗಳನ್ನು ಮೊದಲು ಹುಡುಕಿ. ಕೆಲಸ ನಡೆಯುವಷ್ಟು ಕಾಲ ಜನರಿಗೆ ನೀರು ಎಲ್ಲಿಂದ ಎಂದು ಬರೆದಿದೆಯೇ? ಮೇಲಿನ ಗುಡ್ಡಗಳಲ್ಲಿ ಮಣ್ಣು ಹಿಡಿಯುವುದಕ್ಕೆ, ಗಿಡ ನೆಟ್ಟು ಕಾಪಾಡುವುದಕ್ಕೆ ಹಣ ಇಟ್ಟಿದ್ದಾರೆಯೇ? ಎರಡನೆಯದು ಇಲ್ಲದಿದ್ದರೆ ಇನ್ನೊಂದು ಟೊಮಾಸ್ ಬಂದ ದಿನ ತೆಗೆದ ಹೂಳೆಲ್ಲ ವಾಪಸ್ಸು ಬರುತ್ತದೆ.