ಫ್ರೇಮ್‌ಗಳು ಹೊರಮೈಯೊಳಗೆ ಕೂರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಎರಡನೇ ಮಹಾಯುದ್ಧದ ಪಿ-51 ಮಸ್ಟಾಂಗ್ ವಿಮಾನದ ಒಳರಚನೆಯನ್ನು ಕಂಪ್ಯೂಟರ್‌ನಲ್ಲಿ ಮಾಡೆಲ್ ಮಾಡುತ್ತಿದ್ದೇನೆ. ಮೇಲಿನಿಂದ, ಪಕ್ಕದಿಂದ, ಮುಂದಿನಿಂದ ಕಾಣುವ ಮೂರು ಚಿತ್ರ ಇಟ್ಟುಕೊಂಡು ಮೊದಲು ಹೊರಮೈ ಮಾಡಿಕೊಂಡೆ. ಈಗ ಕಾರ್ಖಾನೆಯ ಹಳೇ ಡ್ರಾಯಿಂಗ್‌ಗಳ ಸ್ಕ್ಯಾನ್ ನೋಡಿ ಫ್ರೇಮ್ (ಒಡಲಿನ ಅಡ್ಡ ಚೌಕಟ್ಟು), ರಿಬ್ (ರೆಕ್ಕೆಯ ಅಡ್ಡ ಚೌಕಟ್ಟು) ಕೂರಿಸಲು ಹೋದರೆ ಕೆಲವು ಹೊರಗೆ ಚಾಚುತ್ತವೆ, ಕೆಲವು ಒಳಗೇ ಸಡಿಲವಾಗಿ ನಿಲ್ಲುತ್ತವೆ. ಯಾವುದನ್ನು ತಿದ್ದಲಿ?

ಉತ್ತರ: ಹೊರಮೈಯನ್ನು. ನಿಜ ಹೇಳಬೇಕೆಂದರೆ ತಿದ್ದುವುದೂ ಬೇಡ, ಪಕ್ಕಕ್ಕೆ ಇಟ್ಟುಬಿಡಿ. ಬೇಜಾರಾಗುತ್ತದೆ, ಗೊತ್ತು. ಆದರೆ ಅಂಥ ಚಿತ್ರಗಳಲ್ಲಿ ಒಂದೆರಡು ಸೆಂಟಿಮೀಟರ್ ಆಚೀಚೆ ಆಗಿದ್ದರೆ ಕಣ್ಣಿಗೆ ಕಾಣುವುದೇ ಇಲ್ಲ. ಫ್ರೇಮ್‌ಗೆ ಅದು ದೊಡ್ಡ ತಪ್ಪು.

ಕಾರ್ಖಾನೆಯ ಡ್ರಾಯಿಂಗ್‌ನಲ್ಲಿ ಪ್ರತಿ ಭಾಗದ ಜಾಗ ಮೂರು ಅಳತೆಗಳಿಂದ ಗೊತ್ತಾಗುತ್ತದೆ. ವಿಮಾನದ ಉದ್ದಕ್ಕೆ ಸ್ಟೇಷನ್, ಎತ್ತರಕ್ಕೆ ವಾಟರ್‌ಲೈನ್, ನಡುಗೆರೆಯಿಂದ ಪಕ್ಕಕ್ಕೆ ಬಟಕ್ ಲೈನ್. ಎಲ್ಲವೂ ಇಂಚಿನಲ್ಲಿ. ಖಾಲಿ ಫೈಲ್‌ನಲ್ಲಿ ಮೊದಲು ಇವನ್ನೇ ಹಾಕಿ. ಆಮೇಲೆ ಫ್ರೇಮ್‌ಗಳು, ಅವನ್ನು ಜೋಡಿಸುವ ಲಾಂಜರಾನ್‌ಗಳು, ಅಂದರೆ ಒಡಲಿನ ಉದ್ದಕ್ಕೆ ಹೋಗುವ ಪಟ್ಟಿಗಳು. ಹೊರಗಿನ ತಗಡು ಎಲ್ಲಕ್ಕಿಂತ ಕೊನೆಗೆ.

ಮಸ್ಟಾಂಗ್ ಆರಿಸಿಕೊಂಡದ್ದು ನಿಮ್ಮ ಅದೃಷ್ಟ. ಆಗಿನ ಹೆಚ್ಚಿನ ವಿಮಾನಗಳ ಆಕಾರವನ್ನು ದೊಡ್ಡ ನೆಲದ ಮೇಲೆ, ತೆಳು ಪಟ್ಟಿಗಳನ್ನು ಬಗ್ಗಿಸಿ, ನಿಜ ಗಾತ್ರದಲ್ಲೇ ಗೆರೆ ಎಳೆದು ನಿರ್ಧರಿಸುತ್ತಿದ್ದರು. ನಾರ್ತ್ ಅಮೆರಿಕನ್ ಕಂಪನಿಯಲ್ಲಿದ್ದ ರಾಯ್ ಲೈಮಿಂಗ್ ಈ ಕೆಲಸವನ್ನು ಲೆಕ್ಕಕ್ಕೆ ಇಳಿಸಿದರು. ಮಸ್ಟಾಂಗ್ ಒಡಲಿನ ಬಾಗುಗಳು ಕಾನಿಕ್ ಗೆರೆಗಳು, ಅಂದರೆ ದೀರ್ಘವೃತ್ತ, ಪ್ಯಾರಾಬೋಲಾಗಳ ಬಳಗ. ಎರಡು ತುದಿ, ಆ ತುದಿಗಳಲ್ಲಿ ಗೆರೆ ಯಾವ ದಿಕ್ಕಿಗೆ ಹೋಗುತ್ತದೆ, ನಡುವೆ ಒಂದು ಬಿಂದು. ಇಷ್ಟು ಕೊಟ್ಟರೆ ಗೆರೆ ಒಂದೇ ಒಂದು ರೀತಿ ಬರುತ್ತದೆ. ನಿಮ್ಮ ಕ್ಯಾಡ್ (ಮಾಡೆಲ್ ಮಾಡುವ ಸಾಫ್ಟ್‌ವೇರ್) ನಲ್ಲಿ ಕಾನಿಕ್ ಎಂಬ ಕಮಾಂಡ್ ಇದ್ದರೆ ಅದನ್ನೇ ಬಳಸಿ. ಕಣ್ಣಂದಾಜಿನಲ್ಲಿ ಸ್ಪ್ಲೈನ್ (ಬೇಕಾದಂತೆ ಬಗ್ಗಿಸುವ ಗೆರೆ) ಎಳೆಯಬೇಡಿ.

ಸ್ಕ್ಯಾನ್ ಮೇಲೆ ಟ್ರೇಸ್ ಮಾಡುವುದಂತೂ ಬೇಡವೇ ಬೇಡ. ಹಳೇ ಡ್ರಾಯಿಂಗ್‌ಗಳು ಬಹುಪಾಲು ಮೈಕ್ರೋಫಿಲ್ಮ್‌ನಿಂದ ಬಂದವು. ಅಡ್ಡಕ್ಕೆ ಒಂದು ಅಳತೆ, ಉದ್ದಕ್ಕೆ ಇನ್ನೊಂದು ಅಳತೆ ಆಗಿರಬಹುದು. ಬರೆದಿರುವ ಅಂಕಿಯನ್ನು ಮಾತ್ರ ನಂಬಿ. ಅದಕ್ಕೂ ಒಂದು ತೊಡಕಿದೆ: ಮಸುಕಾದ ಸ್ಕ್ಯಾನ್‌ನಲ್ಲಿ 3 ಯಾವುದು, 8 ಯಾವುದು ಗೊತ್ತಾಗುವುದಿಲ್ಲ. ಇದಕ್ಕೆ ನನ್ನ ಉಪಾಯ ಇದು. ಸಮ ಅಂತರದಲ್ಲಿ ಕೊಟ್ಟ ಅಂಕಿಗಳನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿ, ಒಂದರಿಂದ ಇನ್ನೊಂದನ್ನು ಕಳೆಯುತ್ತಾ ಹೋಗಿ. 20.00, 22.38, 24.34, 25.88, 27.00 ಎಂದಿದ್ದರೆ ವ್ಯತ್ಯಾಸ 2.38, 1.96, 1.54, 1.12. ನಿಧಾನವಾಗಿ ಇಳಿಯುತ್ತಿದೆ, ಅಲ್ವಾ? 24.34 ಅನ್ನು 24.84 ಎಂದು ಓದಿದ್ದರೆ ಅದೇ ಸಾಲು 2.38, 2.46, 1.04, 1.12 ಆಗುತ್ತದೆ. ತಪ್ಪು ಅಂಕಿ ಎಲ್ಲಿದೆ ಎಂದು ತಕ್ಷಣ ತಿಳಿಯುತ್ತದೆ.

ರೆಕ್ಕೆಯಲ್ಲಿ ರಿಬ್ ಕೂರದಿರಲು ಬೇರೆ ಕಾರಣವೂ ಇರಬಹುದು. ಮಸ್ಟಾಂಗ್ ರೆಕ್ಕೆ ಮೇಲಕ್ಕೆ 5 ಡಿಗ್ರಿ ಓರೆ. ರಿಬ್‌ಗಳ ದೂರವನ್ನು ಆ ಓರೆಯ ಉದ್ದಕ್ಕೇ ಅಳೆದಿದ್ದು, ನೀವು ಅದನ್ನು ನೆಲಕ್ಕೆ ಸಮವಾಗಿ ಅಳೆದರೆ, ರೆಕ್ಕೆ ತುದಿಗೆ ಹೋಗುವಷ್ಟರಲ್ಲಿ ಸುಮಾರು 2 ಸೆಂಟಿಮೀಟರ್ ತಪ್ಪುತ್ತದೆ. ಅದಕ್ಕೇ ರೆಕ್ಕೆಯನ್ನು ಬೇರೆ ಫೈಲ್‌ನಲ್ಲಿ ಚಪ್ಪಟೆಯಾಗಿ ಮಾಡಿ ಮುಗಿಸಿ, ಒಡಲಿಗೆ ಜೋಡಿಸುವಾಗ ಓರೆ ಕೊಡಿ.

ತಗಡಿನ ದಪ್ಪವನ್ನೂ ಮರೆಯಬೇಡಿ. ಕೊಟ್ಟ ಆಕಾರ ತಗಡಿನ ಹೊರಮೈಯದೋ ಒಳಮೈಯದೋ ಎಂದು ಡ್ರಾಯಿಂಗ್‌ನ ಟಿಪ್ಪಣಿಯಲ್ಲಿ ಹುಡುಕಿ. ಹೊರಮೈಯದಾದರೆ ಫ್ರೇಮ್ ಅಷ್ಟು ಚಿಕ್ಕದಾಗಬೇಕು. ಮುಂದೆ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನಕ್ಕೆ ಕೈ ಹಾಕುವ ಆಸೆ ಇದ್ದರೆ ಇನ್ನೊಂದು ವಿಷಯ: 20 ಗೇಜ್ ತಗಡು ಬ್ರಿಟಿಷ್ ಲೆಕ್ಕದಲ್ಲಿ 0.036 ಇಂಚು, ಅಮೆರಿಕನ್ ಲೆಕ್ಕದಲ್ಲಿ 0.032. ಹೆಸರು ಒಂದೇ, ದಪ್ಪ ಬೇರೆ.

ಪ್ರಶ್ನೆ: ತಗಡು ಜೋಡಿಸುವ ರಿವೆಟ್‌ಗಳನ್ನೆಲ್ಲ (ಮೊಳೆಗಳನ್ನೆಲ್ಲ) ಮಾಡಬೇಕಾ?

ಉತ್ತರ: ಬೇಡ. ಸಾವಿರಾರು ಪುಟಾಣಿ ಘನ ಆಕೃತಿಗಳನ್ನು ಸೇರಿಸಿದರೆ ಫೈಲ್ ತೆರೆಯುವುದೇ ಕಷ್ಟ. ರಿವೆಟ್ ಸಾಲಿನ ಗೆರೆ, ಅಂತರ, ತೂತಿನ ಅಳತೆ ಇದ್ದರೆ ಸಾಕು. ಹತ್ತಿರದಿಂದ ತೋರಿಸುವ ಜಾಗಕ್ಕೆ ಮಾತ್ರ ಒಂದು ರಿವೆಟ್ ಮಾಡಿ, ಅದನ್ನೇ ಪ್ಯಾಟರ್ನ್ ಮಾಡಿ, ಅಂದರೆ ಸಾಲಾಗಿ ನಕಲು ಮಾಡಿ. ಮಸ್ಟಾಂಗ್ ರೆಕ್ಕೆಯ ಮುಂಭಾಗದಲ್ಲಂತೂ ಹೊರಗಿನಿಂದ ತೋರಿಸುವ ಅಗತ್ಯವೇ ಇಲ್ಲ. ಗಾಳಿ ನುಣ್ಣಗೆ ಹರಿಯಲಿ ಎಂದು ಕಾರ್ಖಾನೆಯಲ್ಲೇ ಅಲ್ಲಿನ ರಿವೆಟ್, ಸಂದುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಬಳಿಯುತ್ತಿದ್ದರು.